ಹೆಂಡತಿಯ ಫೋನಿಗೆ ಬಾರದ ಅಪ್‌ಡೇಟು

ನನ್ನ ಹೆಂಡತಿಯ ಫೋನಿನಲ್ಲಿ ಕನ್ನಡವೆಲ್ಲ ಡಬ್ಬಿಗಳಾಗಿ ಕಾಣುತ್ತಿತ್ತು. ಆಕೆಯ ತಂಗಿ ಗದ್ವಾಲದಿಂದ ಎಷ್ಟೇ ಉದ್ದ ಬರೆದು ಕಳಿಸಲಿ, ನಾರಾಯಣಪೇಟೆಯ ನಮ್ಮ ಮನೆಗೆ ಬಂದು ಬೀಳುತ್ತಿದ್ದದ್ದು ಸಾಲುಸಾಲು ಖಾಲಿ ಚೌಕಗಳು. ಹೆಂಡತಿ ಅವನ್ನು ಹತ್ತಿರ ಹಿಡಿದು ನೋಡಿ, ದೂರ ಹಿಡಿದು ನೋಡಿ, "ಏನ್ ಬರದಾಳೋ ಏನೋ, ಬರೇ ಖಿಡಕಿ ಇಟ್ಟಂಗ ಇಟ್ಟಾಳ" ಎನ್ನುತ್ತಿದ್ದಳು. ಆಮೇಲೆ ಫೋನು ನನ್ನ ಕೈಗೆ ಬರುತ್ತಿತ್ತು. ನಾನು ಆ ಮೆಸೇಜನ್ನು ನನ್ನ ಫೋನಿಗೆ ಕಳಿಸಿಕೊಂಡು ಓದಿ ಹೇಳುತ್ತಿದ್ದೆ. ನಾನು ಒಪ್ಪಿಕೊಳ್ಳಬೇಕಾದ ತಪ್ಪು ಹುಟ್ಟಿದ್ದು ಈ ಓದಿ ಹೇಳುವ ಕೆಲಸದಲ್ಲಿ. ಅದಕ್ಕೆಲ್ಲ ಫೋನ್ ಕಂಪನಿಯೇ ಹೊಣೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಅರ್ಧ ದಾರಿಯವರೆಗೆ ಅದು ನಿಜವೂ ಆಗಿತ್ತು.

ನಮ್ಮದು ನೇಯುವ ಮನೆ. ಮೊದಲು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿಯುತ್ತಿದ್ದವನು ನಾನು. ಮೊಣಕಾಲು ಕೈಕೊಟ್ಟ ಮೇಲೆ ಹೆಂಡತಿ ಇಳಿಯತೊಡಗಿದಳು, ನಾನು ಪಕ್ಕದಲ್ಲಿ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತುವವನಾದೆ. ಆಕೆಯ ಕೈ ನನ್ನ ಕೈಗಿಂತ ಹಗುರ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗಲಿಲ್ಲ. ಮಗ ಬಜಾರಿನ ಸೀರೆ ಅಂಗಡಿಯಲ್ಲಿ ಕೂರುತ್ತಾನೆ, ಸೊಸೆ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಇಬ್ಬರೂ ತೆಲುಗು ಶಾಲೆಯಲ್ಲಿ ಕಲಿತವರು. ಮಾತು ಕನ್ನಡ, ಅಕ್ಷರ ತೆಲುಗು. ನಾನು ಮಾಗನೂರಿನ ಕಡೆಯವನು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವನು. ಹೆಂಡತಿ ನದಿಯಾಚೆಯ ರಾಯಚೂರು ಸೀಮೆಯವಳು, ನಾಲ್ಕನೆಯ ತರಗತಿಯವರೆಗೆ ಹೋಗಿದ್ದಾಳೆ. ಹಾಗಾಗಿ ಮನೆಯಲ್ಲಿ ಕನ್ನಡ ಓದುವವರು ನಾವಿಬ್ಬರೇ.

ಗದ್ವಾಲಕ್ಕೆ ಮದುವೆಯಾಗಿ ಹೋದ ಆ ತಂಗಿಗೆ ಕಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಹೋಯಿತಂತೆ. ಮಾತಾಡುತ್ತಾಳೆ, ಆದರೆ ತನ್ನ ದನಿ ತನಗೇ ಕೇಳದ ಕಾರಣ ಎಲ್ಲವನ್ನೂ ಗಟ್ಟಿಯಾಗಿಯೇ ಆಡುತ್ತಾಳೆ. ಶಾಲೆಯಲ್ಲಿ ಅವಳನ್ನು ಹಿಂದಿನ ಸಾಲಿಗೆ ಕೂಡಿಸಿ ಮರೆತುಬಿಟ್ಟರು. ಅಕ್ಷರ ಕಲಿಸಿದವಳು ಅಕ್ಕ. ತಂಗಿಯ ಅಂಗೈ ಮೇಲೆ ಬೆರಳಿನಿಂದ ಬರೆದು ಬರೆದು ಕಲಿಸಿದಳು. ಈ ಅಕ್ಕತಂಗಿಯರಿಗೆ ಫೋನಿನಲ್ಲಿ ಮಾತಾಡುವುದು ಸಾಧ್ಯವಿಲ್ಲ. ಬರೆದರೆ ಉಂಟು, ಇಲ್ಲವಾದರೆ ಇಲ್ಲ. ಕಲಿಸಿದವಳ ಫೋನಿನಲ್ಲೇ ಆ ಅಕ್ಷರಗಳು ಡಬ್ಬಿಗಳಾಗಿ ಬೀಳುತ್ತಿದ್ದವು.

ಹಾಗಿದ್ದರೆ ನನ್ನ ಫೋನನ್ನು ಇಸಿದುಕೊಂಡು ಆಕೆಯೇ ಓದಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮೆಸೇಜುಗಳು ಬರುತ್ತಿದ್ದದ್ದು ಆಕೆ ಕುಣಿಯಲ್ಲಿ ಇರುವಾಗ. ಕಾಲು ಮೆಟ್ಟಿನ ಮೇಲೆ, ಕೈಯಲ್ಲಿ ಲಾಳಿ. "ನೀವೇ ಓದ್ರಿ, ನನ್ನ ಕೈ ಖಾಲಿ ಇಲ್ಲ" ಎನ್ನುತ್ತಿದ್ದಳು. ನಾನು ಓದುತ್ತಿದ್ದೆ, ಆಕೆ ನೇಯುತ್ತ ಕೇಳುತ್ತಿದ್ದಳು, ಉತ್ತರ ಬಾಯಿಯಲ್ಲಿ ಹೇಳುತ್ತಿದ್ದಳು, ನಾನು ನನ್ನ ಫೋನಿನಿಂದ ಬರೆದು ಕಳಿಸುತ್ತಿದ್ದೆ. ಕೆಳಗೆ 'ಅಕ್ಕ' ಎಂದು ಸೇರಿಸುತ್ತಿದ್ದೆ. ನನ್ನ ಫೋನಿನಲ್ಲಿ ಜಾಗ ಕಡಿಮೆ ಎಂದು ಓದಿದ ಮೇಲೆ ಅಳಿಸಿಬಿಡುತ್ತಿದ್ದೆ. ಹೆಂಡತಿ ಮಾತ್ರ ತನ್ನ ಫೋನಿನ ಡಬ್ಬಿಗಳನ್ನು ಒಂದನ್ನೂ ಅಳಿಸಲಿಲ್ಲ. "ಇರ್ಲಿ ಬಿಡ್ರಿ. ಮುಂದ ಎಂದರ ಅಕ್ಷರ ಆದಾವು" ಎನ್ನುತ್ತಿದ್ದಳು.

ಆ 'ಮುಂದ ಎಂದರ' ಬರಬೇಕಾದದ್ದು ಅಪ್‌ಡೇಟಿನ ರೂಪದಲ್ಲಿ. ಆಕೆಯ ಫೋನು ಸಿಮ್ ಕಂಪನಿಯವರೇ ಸಿಮ್ಮಿನ ಜತೆ ಮಾರಿದ್ದು. ಅಂಥ ಫೋನಿಗೆ ಹೊಸದೇನು ಬರಬೇಕಾದರೂ ಕಂಪನಿಯವರ ಕೈ ದಾಟಿಯೇ ಬರಬೇಕಂತೆ. ತಂಗಿಯ ಹತ್ತಿರವೂ ಅದೇ ಫೋನು, ಆದರೆ ಗದ್ವಾಲದ ಸಿಮ್ಮು. ಅವಳದಕ್ಕೆ ಬೇಗನೆ ಅಪ್‌ಡೇಟ್ ಬಂದು ಕನ್ನಡ ಮೂಡಿತು. ನನ್ನ ಹೆಂಡತಿ ತನ್ನದನ್ನು ತವರಿಗೆ ಹೋದಾಗ ರಾಯಚೂರಿನಲ್ಲಿ ಕೊಂಡಿದ್ದಳು. ಸಹಾಯದ ನಂಬರಿಗೆ ಫೋನ್ ಮಾಡಿದರೆ ತೆಲುಗಿನ ಹುಡುಗಿಯೊಬ್ಬಳು, "ಮೀದಿ ಕರ್ನಾಟಕ ಸರ್ಕಲ್ ಅಂಡಿ, ಅಕ್ಕಡ ಅಡಗಂಡಿ" ಎಂದು ಕರ್ನಾಟಕದವರನ್ನೇ ಕೇಳಲು ಹೇಳಿದಳು. ಅಲ್ಲಿ ಕೇಳಿದರೆ ಬೆಂಗಳೂರಿನ ಕನ್ನಡದಲ್ಲಿ ಒಬ್ಬ, "ನೀವೀಗ ತೆಲಂಗಾಣದಲ್ಲಿದ್ದೀರ ಸರ್, ಆ ಕಡೆಗೆ ಹಂತಹಂತವಾಗಿ ಬರುತ್ತೆ" ಎಂದ.

ಹೆಂಡತಿ ಇದನ್ನು ಕೇಳಿ, "ಹಂಗಾರ ನನ್ನ ಫೋನಿಗೆ ತವರೂ ಇಲ್ಲ, ಅತ್ತಿಮನೀನೂ ಇಲ್ಲ" ಎಂದಳು.

ನನ್ನದು ಮಗ ಬಿಟ್ಟುಕೊಟ್ಟ ಫೋನು. ಅದಕ್ಕೆ ಬೇಡವೆಂದರೂ ಅಪ್‌ಡೇಟ್ ಬರುತ್ತಿತ್ತು. ಪ್ರತಿ ಸಲವೂ ಇದ್ದದ್ದು ಇದ್ದಲ್ಲಿ ಇರುತ್ತಿರಲಿಲ್ಲ. ಮನೆಯಲ್ಲಿ ಯಾರೋ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೇರೆ ಕಡೆ ಜೋಡಿಸಿಟ್ಟ ಹಾಗೆ. ಬಸ್ ನಿಲ್ದಾಣದ ಪಕ್ಕದ ಚಹಾದ ಅಂಗಡಿಯಲ್ಲಿ ನನ್ನ ವಯಸ್ಸಿನವರೆಲ್ಲರದೂ ಇದೇ ಮಾತು.

"ನಂದು ಅಪ್‌ಡೇಟ್ ಆದ ಮ್ಯಾಲ ಹಸಿರು ಗುಂಡಿ ಎಲ್ಲಿ ಹೋತೋ. ಫೋನ್ ಬಂದ್ರ ಎತ್ತಾಕ ಬರವಲ್ದು, ಕಡಿಯಾಕ ಬರವಲ್ದು. ಬಡಕೊಂಡು ಬಡಕೊಂಡು ತಾನೇ ಸುಮ್ನಾಗತೈತಿ," ಎಂದ ಒಬ್ಬ.

"ನಮ್ಮ ಮನಿಯಾಕಿಗೂ ಒಂದು ಅಪ್‌ಡೇಟ್ ಬಂದಿದ್ರ ಚಲೋ ಇತ್ತು," ಎಂದ ಇನ್ನೊಬ್ಬ.

"ಆಕಿಗೆ ಯಾವಾಗೋ ಬಂದೈತಿ ಕಾಕಾ. ನೀ ಹಳೇ ಮಾಡಲ್, ನಿನಗ ಇನ್ನ ಬರಂಗಿಲ್ಲ," ಎಂದು ಚಹಾ ಸೋಸುವವನು ಹೇಳಿದ. ಎಲ್ಲರೂ ನಕ್ಕೆವು.

ನಾನು ಹೆಂಡತಿಯ ಫೋನಿನ ಕಥೆ ಹೇಳಿದಾಗ ಎಲ್ಲರೂ ಕಂಪನಿಯನ್ನು ಬೈದರು. ಬೈಯುವವರ ನಡುವೆ ಕೂರುವುದು ಹಿತವಾಗಿತ್ತು. ಆ ಹೊತ್ತಿಗಾಗಲೇ ಅಪ್‌ಡೇಟ್ ತಡವಾದಷ್ಟೂ ಒಳ್ಳೆಯದು ಎಂದು ನನ್ನ ಮನಸ್ಸು ಹೇಳತೊಡಗಿತ್ತು.

ಕಾರಣ ಹೇಳುತ್ತೇನೆ. ಮೊದಮೊದಲು ನಾನು ಬಿಟ್ಟು ಓದುತ್ತಿದ್ದದ್ದು ಸಣ್ಣಪುಟ್ಟವನ್ನು. ನಾದಿನಿ ನನ್ನನ್ನು ಆಡಿಕೊಳ್ಳುತ್ತಿದ್ದಳು. "ನಿನ್ನ ಗಂಡ ಕಂಡಿಕಿ ಸುತ್ತತಾನೋ, ಬರೇ ಮಾತು ಸುತ್ತತಾನೋ" ಎಂದು ಬರೆದಿದ್ದರೆ ಅದನ್ನು ಹಾರಿಸಿ ಮುಂದಿನದನ್ನು ಓದುತ್ತಿದ್ದೆ. ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ಯುಗಾದಿಯ ಮುಂಚೆ ಒಂದು ಮೆಸೇಜು ಬಂತು.

ಗದ್ವಾಲದ ಸೀರೆಗೆ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಅಂಚನ್ನೂ ಒಡಲನ್ನೂ ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸಿನ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ನಾದಿನಿಯ ಮನೆಯಲ್ಲಿ ಅದಕ್ಕೆ ಇಬ್ಬರು ಕೂರುತ್ತಾರೆ, ಆ ಅಂಚಿಗೊಬ್ಬರು, ಈ ಅಂಚಿಗೊಬ್ಬರು. ಇಷ್ಟು ದಿನ ಅವಳೆದುರು ಕೂತಿದ್ದವಳು ಮಗಳು. ಆ ಮಗಳಿಗೆ ಮದುವೆಯಾಯಿತು. ಮೆಸೇಜಿನಲ್ಲಿ ಹೀಗಿತ್ತು: "ಅಕ್ಕ, ಆ ಕಡೆ ಕೂಡಾಕ ಒಬ್ಬಾಕಿನ್ನ ಕರೆಸಿದ್ದೆ. ಆಕಿ ಬಾಯಿ ಬಿಟ್ಟು ನಿಲ್ಲು ಅಂತಾಳ, ನನಗ ಕೇಳಸಂಗಿಲ್ಲ. ಎಳಿ ಹರೀತಾವು. ನಾವು ಸಣ್ಣವರಿದ್ದಾಗ ಅವ್ವನ ಮಗ್ಗದಾಗ ಕುಂತಂಗ ನೀ ಬಂದು ಕೂಡು. ಒಂದು ಹಾಸು ಮುಗಿಯೂ ತನಕ ಸಾಕು. ನಿನ್ನ ಬಿಟ್ರ ನನ್ನ ಕೈ ಯಾರಿಗೂ ತಿಳಿಯಂಗಿಲ್ಲ."

ನಾನು ಅದನ್ನು ಮನಸ್ಸಿನಲ್ಲಿ ಓದಿಕೊಂಡೆ. ಹೆಂಡತಿ ಕುಣಿಯಿಂದ ತಲೆಯೆತ್ತದೆ, "ಏನಂತಾಳ?" ಎಂದಳು.

"ಆರಾಮ ಅದಾರಂತ. ಮಗಳು ಗಂಡನ ಮನಿಯಾಗ ಹೊಂದಿಕೊಂಡಾಳಂತ," ಎಂದೆ.

ಅಷ್ಟೇ ಹೇಳಿ ನಿಲ್ಲಿಸಿದ್ದರೆ ಇಷ್ಟು ಬರೆಯುವ ಕೆಲಸವಿರಲಿಲ್ಲವೇನೋ. ಮಧ್ಯಾಹ್ನ ಹೊರಗೆ ಕಟ್ಟೆಯ ಮೇಲೆ ಕೂತು ಉತ್ತರ ಬರೆದೆ: "ನನ್ನ ಮೊಣಕಾಲು ಬಾಳ ನೋಯ್ತಾವ. ಈಗ ಬರಾಕ ಆಗಂಗಿಲ್ಲ. ಅಕ್ಕ." ನೋಯುತ್ತಿದ್ದದ್ದು ನನ್ನ ಮೊಣಕಾಲು. ಕೆಳಗೆ ಹಾಕಿದ್ದು ಆಕೆಯ ಹೆಸರು.

ಸ್ವಲ್ಪ ದಿನ ಬಿಟ್ಟು ಗದ್ವಾಲದಿಂದ ಬರುವ ಪರಿಚಯದವರೊಬ್ಬರ ಕೈಯಲ್ಲಿ ನಾದಿನಿ ಒಂದು ಶೀಷೆ ಎಣ್ಣೆ ಕಳಿಸಿದಳು. ಹೆಂಡತಿ, "ಇದ್ಯಾಕ ಕಳಿಸ್ಯಾಳ?" ಎಂದು ಕೇಳಿದಾಗ, "ನನ್ನ ಕಾಲಿನ ಸುದ್ದಿ ಬರದಿದ್ದೆ" ಎಂದೆ. ಆ ಎಣ್ಣೆಯನ್ನು ನಾನೇ ತಿಕ್ಕಿಕೊಂಡೆ. ಹೆಂಡತಿಯೇ ಎಷ್ಟೋ ಸಲ ಬಿಸಿ ಮಾಡಿ ಕೊಟ್ಟಳು. ತಿಕ್ಕಿಕೊಳ್ಳುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ.

ನಾದಿನಿ ಮತ್ತೆ ಕೇಳಿದಳು. ನಾನು ಮತ್ತೆ ಬರೆದೆ. ಮೂರನೆಯ ಸಲ ಕೇಳಿದಾಗ, ಮನೆಯಲ್ಲಿ ಕೆಲಸವಿದೆ ಎಂದು ಒಂದೇ ಸಾಲು ಬರೆದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಉದ್ದ ಬರೆಯುವುದನ್ನೂ ಬಿಟ್ಟಳು. 'ಆರಾಮ?' 'ಉಂಡ್ರಿ?' ಇಷ್ಟೇ. ಹೆಂಡತಿಯ ಫೋನಿನಲ್ಲಿ ಡಬ್ಬಿಗಳು ಎರಡು ಮೂರಕ್ಕೆ ಇಳಿದವು.

ಆಕೆ ಅದನ್ನು ಗಮನಿಸಿದಳು. "ಯಾಕ್ರೀ, ಇಕಿ ಮೊದಲಿನಂಗ ಬರಿಯವಲ್ಲಳು? ಖಿಡಕಿ ಕಡಿಮಿ ಆಗ್ಯಾವ. ನನ್ನ ಮ್ಯಾಲ ಏನರ ಸಿಟ್ಟಾಗ್ಯಾಳೇನು?" ಎಂದಳು.

"ಕೆಲಸ ಇರಬೇಕು," ಎಂದೆ.

"ನಾ ಏನರ ತಪ್ಪು ಮಾತಾಡೀನೇನು? ನೀವು ಬರಿಯೂಮುಂದ ನಾ ಹೇಳಿದ್ದು ಏನರ ಹೆಚ್ಚುಕಡಿಮಿ ಆಗೇತೇನು?"

"ಇಲ್ಲ" ಎಂದೆ. ಆಕೆ ಮತ್ತೆ ಲಾಳಿ ಎತ್ತಿಕೊಂಡಳು.

ಅಪ್‌ಡೇಟ್ ಬಂದದ್ದು ಈ ನಡುವೆ. ಒಂದು ಬೆಳಿಗ್ಗೆ ಆಕೆಯ ಫೋನಿನ ಮೇಲೆ ಹೊಸ ಚೀಟಿಯೊಂದು ಮೂಡಿತು. ಈಗ ಹಾಕಿಕೊಳ್ಳುತ್ತೀರಾ, ಆಮೇಲೆ ಹಾಕಿಕೊಳ್ಳುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಫೋನು ನನ್ನ ಕೈಯಲ್ಲಿತ್ತು. 'ಲೇಟರ್' ಒತ್ತಿದೆ. ಮರುದಿನ ಮತ್ತೆ ಕೇಳಿತು, ಮತ್ತೆ ಅದನ್ನೇ ಒತ್ತಿದೆ. ಯಾಕೆಂದರೆ ನನಗೆ ಒಂದು ಮಾತು ಥಟ್ಟನೆ ಹೊಳೆದಿತ್ತು: ಕನ್ನಡ ಮೂಡಿದರೆ ಹೊಸ ಮೆಸೇಜಿಗೆ ಮಾತ್ರ ಮೂಡುವುದಿಲ್ಲ, ಇಷ್ಟು ದಿನದ ಡಬ್ಬಿಗಳೆಲ್ಲ ಒಮ್ಮೆಲೇ ಬಾಯಿ ತೆರೆಯುತ್ತವೆ.

ಹೆಂಡತಿ ಕೇಳಿದಾಗಲೆಲ್ಲ, "ಕಂಪನಿಯವ್ರು ಇನ್ನಾ ಕಳಿಸಿಲ್ಲ" ಎನ್ನುತ್ತಿದ್ದೆ. ಹೇಳಿ ಹೇಳಿ ಆ ಮಾತು ನಾಲಿಗೆಗೆ ರೂಢಿಯಾಗಿತ್ತು. ಕೊನೆಗೆ ಆಕೆ ನನ್ನನ್ನು ಬಿಟ್ಟು ಸೊಸೆಯಿಂದ ಸಹಾಯದ ನಂಬರಿಗೆ ಫೋನ್ ಮಾಡಿಸಿದಳು. ಸೊಸೆ ತೆಲುಗಿನಲ್ಲಿ ಚೆನ್ನಾಗಿ ಜಗಳವಾಡುತ್ತಾಳೆ. ಹದಿನೈದು ದಿನದ ಹಿಂದೆಯೇ ಕಳಿಸಿದ್ದೇವೆ ಎಂದು ಅವರು ಹೇಳಿದರು.

"ಬಂದೈತಂತಲ್ರೀ," ಎಂದಳು ಹೆಂಡತಿ.

ಸುಳ್ಳಿಗೆ ಸುಳ್ಳು ಜೋಡಿಸುವಾಗ ಬುದ್ಧಿ ಎಷ್ಟು ಚುರುಕಾಗುತ್ತದೆ ನೋಡಿ. ನಮ್ಮಲ್ಲಿ ಒಂದು ಪದ್ಧತಿಯಿದೆ. ಮಗ್ಗಕ್ಕೆ ಒಂದು ಹಾಸು ಏರಿಸಿದರೆ ಅದರಲ್ಲಿ ಎಂಟು ಸೀರೆ. ಆ ಎಂಟೂ ಇಳಿಯುವ ತನಕ ಮಗ್ಗದಲ್ಲಿ ಏನನ್ನೂ ಬದಲಿಸುವುದಿಲ್ಲ, ಮನೆಯಲ್ಲೂ ಹೊಸದಕ್ಕೆ ಕೈ ಹಾಕುವುದಿಲ್ಲ. ಸುಣ್ಣ ಬಳಿಯುವುದಿದ್ದರೂ ಹಾಸು ಇಳಿಯಲಿ ಎನ್ನುತ್ತೇವೆ. "ಹಾಸು ಮ್ಯಾಲ ಇದ್ದಾಗ ಬ್ಯಾಡ. ನಡುವ ಏನರ ಕೆಟ್ರ ಅದೊಂದು ತಾಪತ್ರಯ. ಇದು ಇಳೀಲಿ, ಮಾಡೂಣು," ಎಂದೆ.

ಬೇರೆ ಯಾವ ಮನೆಯ ಹೆಂಗಸಾದರೂ ನನ್ನನ್ನು ಬೈಯುತ್ತಿದ್ದಳು. ನೇಯುವವಳಾದ್ದರಿಂದ ಆಕೆ, "ಖರೇ ಅದ, ಇಳೀಲಿ" ಎಂದು ಒಪ್ಪಿದಳು. ಆ ಒಪ್ಪಿಗೆಯಿಂದ ನನಗೆ ಬೈಗುಳಕ್ಕಿಂತ ಹೆಚ್ಚು ಸಂಕಟವಾಯಿತು. ಮೇಲಾಗಿ ಆಕೆ ಅಂದಿನಿಂದ ಬೇಗಬೇಗ ನೇಯತೊಡಗಿದಳು.

ಹಾಸಿನಲ್ಲಿ ಕೊನೆಯ ಸೀರೆ ಉಳಿದಾಗ ನಾನು ಬಸ್ಸು ಹತ್ತಿ ಮಕ್ತಲ್‌ಗೆ ಹೋದೆ. ಅಲ್ಲಿ ಪರಿಚಯದ ಫೋನ್ ರಿಪೇರಿ ಅಂಗಡಿಯಿದೆ. ಅಂಗಡಿಯವನು ಒಂದೇ ಉಸಿರಿನಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಆಡುವವನು.

"ಬರ್ರಿ ಪೆದ್ದಾಯನ, ಕೂಡ್ರಿ. ಕ್ಯಾ ಹುವಾ, ಮತ್ತೇನ್ ಒತ್ತೀರಿ?"

"ಏನೂ ಒತ್ತಿಲ್ಲ. ಕೇಳಾಕ ಬಂದೀನಿ. ಈ ಫೋನಿಗೆ ಅಪ್‌ಡೇಟ್ ಮಾಡಿದ್ರ ಹಳೇವು ಉಳೀತಾವೋ, ಹೋಗ್ತಾವೋ?"

"ಫೋಟೋ ಗೀಟೋ ಇದ್ರ ತೆಗೆದಿಟ್ಟುಕೊಳ್ರಿ. ಈ ಮಾಡಲ್‌ನಾಗ ಒಮ್ಮೊಮ್ಮಿ ಎಲ್ಲಾ ಸಾಫ್ ಆಗಿಬಿಡತೈತಿ. ಮೊನ್ನಿ ಒಬ್ಬಾತ ಮಗಳ ಮದುವಿ ಫೋಟೋ ಹೋದುವಂತ ಇಲ್ಲೇ ಕುಂತು ಅತ್ತು ಹೋದ."

"ಮೆಸೇಜೂ ಹೋಗ್ತಾವೇನು?"

"ಮೆಸೇಜು, ನಂಬರು, ಎಲ್ಲಾ. ಮುಖ್ಯ ಅದಾವೇನು? ಬ್ಯಾರೆ ಕಡೆ ಹಾಕಿ ಕೊಡ್ಲಿ?"

"ಬ್ಯಾಡ ಬ್ಯಾಡ. ಏನೂ ಇಲ್ಲ ಅದ್ರಾಗ."

ಅವನು ನನ್ನ ಮುಖ ನೋಡಿ, "ಈ ಮಾತು ಕೇಳಿ ಎಲ್ಲಾರೂ ಮೋತಿ ಸಪ್ಪಗ ಮಾಡ್ಕೊಂಡು ಹೋಗ್ತಾರ. ನಗಕೊಂತ ಎದ್ದವ್ರು ನೀವೊಬ್ರೇ," ಎಂದ.

ಬಸ್ಸಿನಲ್ಲಿ ಮರಳುವಾಗ ಎದೆ ಹಗುರವಾಗಿತ್ತು. ಸೀರೆ ಮುಗಿದ ಮೇಲೆ ಕತ್ತರಿಸಿ ಮಡಿಚಿ ಅಂಗಡಿಗೆ ಕಳಿಸಿಬಿಡುವ ಹಾಗೆ ಹಳೆಯ ಡಬ್ಬಿಗಳೆಲ್ಲ ಹೋಗಿಬಿಡುತ್ತವೆ, ಖಾಲಿ ಫೋನಿನಲ್ಲಿ ಅಕ್ಕತಂಗಿಯರು ಹೊಸದಾಗಿ ಶುರುಮಾಡಲಿ, ನಾನೂ ಇನ್ನು ಸರಿಯಾಗಿರುತ್ತೇನೆ ಎಂದುಕೊಂಡೆ. ಜೀವಮಾನವೆಲ್ಲ ಮಗ್ಗದ ಪಕ್ಕದಲ್ಲಿ ಕಳೆದವನು ಹೀಗೆ ಎಣಿಸಬಾರದಿತ್ತು. ನಾವು ಸೀರೆಯನ್ನು ಕತ್ತರಿಸುತ್ತೇವೆಯೇ ಹೊರತು ಹಾಸನ್ನು ಪೂರ್ತಿ ಬಿಚ್ಚಿ ತೆಗೆಯುವುದಿಲ್ಲ. ಹಳೆಯ ಹಾಸಿನ ತುದಿಗಳನ್ನು ಎಳೆ ಹಾಯುವ ಅಚ್ಚಿನಲ್ಲೇ ಬಿಟ್ಟು, ಒಂದೊಂದು ಹಳೆಯ ಎಳೆಗೂ ಒಂದೊಂದು ಹೊಸ ಎಳೆಯನ್ನು ಹೊಸೆದು ಕೂಡಿಸುತ್ತೇವೆ. ನಮ್ಮ ಮಗ್ಗದಲ್ಲಿ ನನ್ನ ತಂದೆಯ ಕಾಲದಿಂದ ಒಂದು ಸಲವೂ ಈ ಕೂಡಿಕೆ ಕಡಿದಿಲ್ಲ. ಇದನ್ನು ಕೈ ಬಲ್ಲದು, ಅಂದು ತಲೆ ಮರೆಯಿತು.

ಹಾಸು ಇಳಿದ ದಿನ ಮಧ್ಯಾಹ್ನ ನಾನೇ ಫೋನನ್ನು ಕೈಗೆತ್ತಿಕೊಂಡು, "ತಾ, ಇವತ್ತು ಮಾಡೇಬಿಡೂಣು" ಎಂದೆ. ದೊಡ್ಡ ಉಪಕಾರ ಮಾಡುವವನ ಗತ್ತು ನನ್ನದು. ತೆರೆಯ ಮೇಲೆ ಗೀಟೊಂದು ಉದ್ದವಾಗುತ್ತ ಹೋಯಿತು, ಫೋನು ಕಪ್ಪಾಯಿತು, ಮತ್ತೆ ಬೆಳಗಿತು. ಹೆಂಡತಿ ಹೊಸಿಲ ಮೇಲೆ ಕೂತು ತೆರೆದಳು. ಆಮೇಲೆ ಶಾಲೆಯ ಮಕ್ಕಳಂತೆ ಒಂದೊಂದೇ ಅಕ್ಷರ ಕೂಡಿಸಿ, "ಅ-ಕ್ಕ, ನಿ-ನ-ಗ ಹೋ-ಳಿ-ಗಿ ಕ-ಳ-ಸ-ಬೇ-ಕ-ಂ-ತ ಮಾ-ಡಿ-ದ್ದೆ" ಎಂದು ಓದಿದಳು.

ಒಂದೂ ಅಳಿದಿರಲಿಲ್ಲ. ಮೊದಲನೆಯದರಿಂದ ಕೊನೆಯದರ ತನಕ ಎಲ್ಲವೂ ಇದ್ದವು.

ಹೊಸ ಹಾಸು ಬರಲು ಇನ್ನೂ ದಿನಗಳಿದ್ದವು, ಆಕೆಗೆ ಪುರುಸೊತ್ತು. ಮಧ್ಯಾಹ್ನ ಊಟವಾದ ಮೇಲೆ ಹೊಸಿಲ ಮೇಲೆ ಕೂತು, ಶುರುವಿನಿಂದ, ಒಂದನ್ನೂ ಬಿಡದೆ, ಗಟ್ಟಿಯಾಗಿ ಓದತೊಡಗಿದಳು. ಓದು ನಿಧಾನ. ದಿನಕ್ಕೆ ಕೆಲವೇ ಮೆಸೇಜು. ನನ್ನ ಮೇಲಿನ ಚೇಷ್ಟೆಯ ಮಾತು ಸಿಕ್ಕಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಮಾತು ಸುತ್ತತಾನೋ ಅಂತ ಬರದಾಳ ನೋಡ್ರಿ. ಇದನ್ನ ಯಾಕ ಓದ್ಲಿಲ್ಲ ನೀವು?"

"ಕಣ್ಣಿಗೆ ಬಿದ್ದಿರಲಿಲ್ಲ."

"ಕನ್ನಡಕ ಬದಲಿ ಮಾಡ್ರಿ ಹಂಗಾರ," ಎಂದು ಮತ್ತೆ ನಕ್ಕಳು. ಸೊಸೆಯನ್ನು ಕರೆದು ಅವಳಿಗೂ ಓದಿ ಹೇಳಿದಳು.

ನಾನು ಎದುರಿಗೆ ಕಂಡಿಕೆ ಸುತ್ತುವ ನೆಪ ಮಾಡಿಕೊಂಡು ಕೂತಿರುತ್ತಿದ್ದೆ. ಆಕೆ ಯಾವ ಮೆಸೇಜಿನಲ್ಲಿದ್ದಾಳೆ, ಯುಗಾದಿಗೆ ಇನ್ನೆಷ್ಟು ದೂರ ಎಂದು ನನಗೆ ಗೊತ್ತಿತ್ತು. ಸಂಕ್ರಾಂತಿ ದಾಟಿತು. ನಾದಿನಿಯ ಮಗಳ ಮದುವೆಯ ಸೀರೆ ಸುದ್ದಿ ಬಂತು. ಶಿವರಾತ್ರಿ ಬಂತು. ಫೋನನ್ನು ನೀರಿನ ಕೊಡಕ್ಕೆ ಬೀಳಿಸಿಬಿಡಲೇ ಎಂಬ ಯೋಚನೆಯೂ ಬಂದು ಹೋಯಿತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಆಕೆ ಓದುವ ರೀತಿ ನೋಡುತ್ತ ನೋಡುತ್ತ ನನ್ನೊಳಗೆ ಏನೋ ಸೋತಿತು. ಪ್ರತಿ ಅಕ್ಷರದ ಕೆಳಗೆ ಬೆರಳಿಡುತ್ತಿದ್ದಳು. ತಂಗಿಯ ಅಂಗೈ ಮೇಲೆ ಬರೆದ ಬೆರಳು ಅದೇ. ಆ ಬೆರಳು ತಾನಾಗಿ ಹೋಗಿ ಆ ಸಾಲಿನ ಮೇಲೆ ನಿಲ್ಲುವುದು ಬೇಡ, ಅದಕ್ಕೆ ಮುಂಚೆ ನಾನು ಹೇಳಬೇಕು ಅನಿಸಿತು.

ಮರುದಿನ ಆಕೆ ಫೋನು ತೆಗೆದಾಗ, "ಇವತ್ತು ನಾ ಓದ್ತೀನಿ. ಇಲ್ಲಿಂದ ಮುಂದ ನಾ ಬಿಟ್ಟು ಓದಿದ್ದೆ. ಈಗ ಬಿಡದಂಗ ಓದ್ತೀನಿ," ಎಂದೆ.

ಓದಿದೆ. ನಾದಿನಿ ಕೇಳಿದ್ದನ್ನು ಓದಿದೆ. ಎಣ್ಣೆ ಕಳಿಸುತ್ತೇನೆ ಎಂದದ್ದನ್ನು ಓದಿದೆ. ಮೂರನೆಯ ಸಲ ಕೇಳಿದ್ದನ್ನೂ ಓದಿದೆ. ನಾನು ಬರೆದ ಉತ್ತರಗಳು ಆಕೆಯ ಫೋನಿನಲ್ಲಿ ಇರಲಿಲ್ಲ, ನನ್ನದರಲ್ಲಿ ಅಳಿಸಿದ್ದೆ. ಅವನ್ನು ನೆನಪಿನಿಂದ ಹೇಳಬೇಕಾಯಿತು. ನನ್ನ ಬಾಯಿಂದಲೇ, 'ಬರಾಕ ಆಗಂಗಿಲ್ಲ. ಅಕ್ಕ.' ಎಂದು ಆಕೆಯ ಎದುರು ಹೇಳಿದೆ.

ಆಕೆ, "ನನ್ನ ಬಾಯಿ ನಿಮ್ಮ ಕೈಯಾಗ ಕೊಟ್ಟಿದ್ದೆ," ಎಂದಳು. ದನಿ ಏರಿರಲಿಲ್ಲ. "ಆಕಿ ಎರಡು ಅಕ್ಷರ ಬರದಾಗೆಲ್ಲ ನನ್ನ ತಪ್ಪು ಹುಡುಕಿದೆ ನಾನು. ನೀವು ನೋಡಕೊಂತ ಕುಂತ್ರಿ."

ನಾನು ತಲೆ ತಗ್ಗಿಸಿದೆ.

"ಯಾಕ?"

"ಮಗ್ಗ ನಿಲ್ತದಂತ..."

"ಮಗ್ಗದ ಮಾತು ಬಿಡ್ರಿ. ಯಾಕ?"

"ನೀ ಇಲ್ಲದ ಮನಿಯಾಗ ನಾ ಏನ್ ಮಾಡ್ಲಿ ಅನಸ್ತು. ಹೇಳಾಕ ನಾಚಿಕಿ ಬಂತು."

ಆಕೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಅಷ್ಟು ಹೇಳಿದ್ರ ಮುಗೀತಿತ್ತು. ಹೋಗಿ ಲಗೂನ ಬರ್ತಿದ್ದೆ," ಎಂದಳು. ಆಮೇಲೆ ಒಳಗೆ ಹೋಗಿ ಗೋಡೆಗೆ ಒರಗಿ ಕೂತು, ಜೀವನದಲ್ಲಿ ಮೊದಲ ಸಲ, ಫೋನಿನಲ್ಲಿ ತಾನೇ ಕನ್ನಡ ಬರೆದಳು. ಸಹಾಯ ಮಾಡಲೇ ಎಂದು ಬಾಗಿಲವರೆಗೆ ಹೋದವನು ಆಕೆಯ ಬೆನ್ನು ನೋಡಿ ಹಿಂದಕ್ಕೆ ಬಂದೆ. ಸೊಸೆ ಆಮೇಲೆ ಹೇಳಿದಳು, ಒಂದೇ ಮಾತು ಬರೆಯಲು ಅತ್ತೆ ಅಕ್ಕಿ ಬೇಯುವಷ್ಟು ಹೊತ್ತು ತೆಗೆದುಕೊಂಡರು ಎಂದು. ಬರೆದದ್ದು, 'ಬರತೀನಿ.'

ಚೀಲ ಕಟ್ಟುವಾಗ, "ನೀವೂ ನಡೀರಿ. ಬರದವ್ರು ನೀವು, ಹೇಳೂವ್ರೂ ನೀವೇ," ಎಂದಳು. ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಜುರಾಲ ಅಣೆಕಟ್ಟಿನ ಮೇಲೆ ನದಿ ದಾಟಿ ಗದ್ವಾಲ ಮುಟ್ಟಿದೆವು. ದಾರಿಯುದ್ದಕ್ಕೂ ಆಕೆ ಕಿಟಕಿಯ ಕಡೆ ನೋಡಿದಳು. ನಾನು ಫೋನಿನಲ್ಲಿ ಬರೆಯುತ್ತ, ಅಳಿಸುತ್ತ, ಮತ್ತೆ ಬರೆಯುತ್ತ ಹೋದೆ. ಕಿವಿ ಕೇಳದವಳ ಹತ್ತಿರ ಕ್ಷಮೆ ಕೇಳುವುದಾದರೆ ಬರೆದೇ ಕೇಳ‌ಬೇಕು.

ನಾದಿನಿಯ ಮನೆ ನೇಕಾರರ ಓಣಿಯಲ್ಲಿ, ಗೋಡೆಗೆ ಗೋಡೆ ಹತ್ತಿದ ಸಾಲುಮನೆ. ಅಕ್ಕನನ್ನು ನೋಡಿ ಅವಳು ಬಾಗಿಲಲ್ಲೇ ನಿಂತುಬಿಟ್ಟಳು, ತಬ್ಬಿಕೊಳ್ಳಲೋ ಬೇಡವೋ ಎಂಬಂತೆ. ಆ ಅನುಮಾನ ನಾನು ತಂದಿಟ್ಟದ್ದು. ಒಳಗೆ ಕೂತ ಮೇಲೆ ನನ್ನ ಫೋನನ್ನು ಅವಳ ಕೈಗೆ ಕೊಟ್ಟೆ. ಮನಸ್ಸಿನಲ್ಲಿ ಓದಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಗಟ್ಟಿಯಾಗಿ ಓದಿದಳು. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಿಲ್ಲವಲ್ಲ.

"ಅಕ್ಕನ ಹೆಸರಿನಲ್ಲಿ ಬರಲಾಗದು ಎಂದು ಬರೆದವನು ನಾನು. ಅಕ್ಕನಿಗೆ ಈ ವಿಷಯ ತಿಳಿಸಿರಲಿಲ್ಲ. ಎಣ್ಣೆ ಹಚ್ಚಿಕೊಂಡವನೂ ನಾನೇ..."

ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಪಕ್ಕದ ಮನೆಯಿಂದ ಒಬ್ಬ ಮುದುಕಿ, "ಏನಾತು ಅಲ್ಲಿ?" ಎಂದಳು. ಇನ್ನೊಂದು ಮನೆಯಿಂದ, "ಏನೋ ಎಣ್ಣಿ ಕದ್ದಾನಂತ" ಎಂದು ಉತ್ತರ ಬಂತು. ನಾನು ಹೆಂಡತಿಯ ಕಡೆ ನೋಡಿದೆ, ತಂಗಿಯ ಕೈ ಮುಟ್ಟಿ ನಿಲ್ಲಿಸಲಿ ಎಂದು. ಆಕೆ ಗೋಡೆಯ ಕಡೆ ಮುಖ ಮಾಡಿದ್ದಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ನಾದಿನಿ ನಗಲಿಲ್ಲ. ಪೂರ್ತಿ ಓದಿ ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. "ಭಾವ, ನನಗ ಕಿವಿ ಇಲ್ಲಂತ ನನ್ನ ಸಂಗಾಟ ಕೂಡಾಕ ಅಕ್ಕಗೂ ಬ್ಯಾಸರ ಆತು ಅಂದ್ಕೊಂಡಿದ್ದೆ," ಎಂದಳು. ಕಣ್ಣು ತುಂಬಿತ್ತು. ಇದು ನಾನು ಎಣಿಸಿದ್ದಕ್ಕಿಂತ ದೊಡ್ಡ ತಪ್ಪು ಎಂದು ನನಗೆ ಗೊತ್ತಾದದ್ದು ಆಗ. ಕೈ ಮುಗಿದೆ. ಅವಳು ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಓಣಿಗೆಲ್ಲ ಕೇಳುವಂತೆ, "ಅದಿರ್ಲಿ, ಎಣ್ಣಿ ಹತ್ತೇತೇನು ಮೊಣಕಾಲಿಗೆ?" ಎಂದಳು.

ಹತ್ತಿದೆ ಎಂದು ತಲೆಯಾಡಿಸಿದೆ.

"ಹಂಗಾರ ಹೋಗೂಮುಂದ ಇನ್ನೊಂದು ಶೀಷೆ ಒಯ್ರಿ. ಕೇಳಿ ಒಯ್ರಿ."

ಊಟವಾದ ಮೇಲೆ ಅಕ್ಕತಂಗಿ ಮಗ್ಗಕ್ಕೆ ಕೂತರು. ಎಳೆಯೊಂದು ಸಡಿಲಾದದ್ದನ್ನು ಕಂಡು ನನ್ನ ಹೆಂಡತಿ ಬಾಯಿ ತೆರೆಯಲಿಲ್ಲ, ಬಿಗಿದ ಹಾಸಿನ ಮೇಲೆ ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಆ ತುದಿಯಲ್ಲಿ ತಂಗಿಯ ಕೈ ಥಟ್ಟನೆ ನಿಂತಿತು. ಸರಿಮಾಡಿ ಮತ್ತೊಮ್ಮೆ ತಟ್ಟಿದಳು, ಲಾಳಿ ಓಡಿತು. ಮಾತಿಲ್ಲ, ತಿರುಗಿ ನೋಡುವುದಿಲ್ಲ. ನಾನು ಬಾಗಿಲ ಬಳಿ ನಿಂತು ಬಸ್ಸಿನ ಹೊತ್ತಾಗುವವರೆಗೆ ನೋಡಿದೆ. ಹೊರಟಾಗ ಹೆಂಡತಿ, "ಸೊಸಿಗೆ ಖಾರ ಕಡಿಮಿ ಹಾಕಾಕ ಹೇಳ್ರಿ, ನಿಮಗ ಆಗಿಬರಂಗಿಲ್ಲ," ಎಂದಳು. ಇದು ಕ್ಷಮೆಯೋ ಅಲ್ಲವೋ ಕೇಳಲಿಲ್ಲ.

ಈಗ ಆಕೆ ಗದ್ವಾಲದಲ್ಲೇ ಇದ್ದಾಳೆ. ಒಂದು ಹಾಸು ಇಳಿಯಿತಂತೆ, ಅದರ ತುದಿಗೆ ಇನ್ನೊಂದನ್ನು ಕೂಡಿಸಿದ್ದಾರಂತೆ. ಇಲ್ಲಿ ನಮ್ಮ ಮಗ್ಗ ಸುಮ್ಮನಿದೆ. ಮಗ ಭಾನುವಾರ ಇಳಿದು ಕೂರುತ್ತಾನೆ, ನಾನು ಕಂಡಿಕೆ ಕೊಡುತ್ತೇನೆ. ಮಧ್ಯಾಹ್ನ ಆಕೆಯ ಮೆಸೇಜು ಬರುತ್ತದೆ, ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿರುತ್ತವೆ. ತಂಗಿಯ ಜತೆ ಬೀಚುಪಲ್ಲಿಯ ಗುಡಿಗೆ ಹೋಗಿಬಂದದ್ದು, ಓಣಿಯವರು ಇನ್ನೂ ನನ್ನನ್ನು ಎಣ್ಣೆ ಭಾವ ಎನ್ನುವುದು, ಹೀಗೆ. ನಿನ್ನೆ ನಾನು 'ಯಾವಾಗ ಬರ್ತಿ' ಎಂದು ಬರೆದೆ. ಕಳಿಸುವ ಮುಂಚೆ ಸ್ವಲ್ಪ ಹೊತ್ತು ನೋಡಿ, ಅಳಿಸಿ, 'ಉಂಡೇನು' ಎಂದು ಕಳಿಸಿದೆ.